ಅತ್ತೆಯನ್ನು ಬಿಟ್ಟು ಬರೆದ ಅಂಗಡಿಯ ಚರಿತ್ರೆ

ನಮ್ಮ ಅಂಗಡಿಯ ಚರಿತ್ರೆ ಬರೆದವಳು ನಾನೇ. ಮೂವತ್ತೆರಡು ಪುಟದ ಪುಸ್ತಿಕೆ, ನುಣುಪು ಕಾಗದ, ಮೊದಲ ಪುಟದಲ್ಲಿ ತಾತನ ಫೋಟೊ. ಬಂಗಾರಪೇಟೆಯ ಸ್ಟೇಷನ್ನಿನ ಹತ್ತಿರವಿರುವ ಅಂಗಡಿಯನ್ನು ನನ್ನ ತಮ್ಮ ಹೊಸದಾಗಿ ಕಟ್ಟಿಸಿ ಮತ್ತೆ ಬಾಗಿಲು ತೆರೆದ ದಿನ, ಬಂದವರಿಗೆಲ್ಲ ಬಟ್ಟೆಯ ಚೀಲದ ಜೊತೆಗೆ ಅದನ್ನೂ ಹಂಚಿದರು. ಓದಿದವರು ಚೆನ್ನಾಗಿದೆ ಎಂದರು. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ನಾನು ಹೈಸ್ಕೂಲಿನ ಕನ್ನಡ ಟೀಚರು, ಅಷ್ಟಾದರೂ ಇರಬೇಡವೇ. ಆದರೆ ಆ ಅಂಗಡಿಯನ್ನು ಅಂಗಡಿ ಮಾಡಿದವಳು ನಮ್ಮಪ್ಪನ ತಂಗಿ, ನಮ್ಮತ್ತೆ. ಅವಳು ಆ ಪುಸ್ತಿಕೆಯಲ್ಲಿ ಇಲ್ಲ. ಬಿಟ್ಟವಳೂ ನಾನೇ.

ತಾತ ಬೂದಿಕೋಟೆ ಕಡೆಯ ಒಕ್ಕಲು ಮನೆಯವನು. ಇದ್ದ ಹೊಲ ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ ತನ್ನ ಪಾಲಿಗೆ ಬಂದದ್ದು ಒಂದು ಎಮ್ಮೆ ಕಟ್ಟುವಷ್ಟು ಜಾಗ ಎಂದು ಅವನೇ ಹೇಳುತ್ತಿದ್ದ. ಸೈಕಲ್ಲಿನ ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು ಚಿನ್ನದ ಗಣಿಯ ಕಡೆಗೆ ಹೊರಟ. ಗಣಿ ಕೆಲಸಗಾರರ ಸಾಲುಮನೆಗಳಿಗೆ ಅಲ್ಲಿ ಲೈನು ಎನ್ನುತ್ತಾರೆ. ಸಂಬಳದ ದಿನ ಲೈನು ಲೈನು ಸುತ್ತಿ, ಆರು ತಿಂಗಳಲ್ಲಿ ತಮಿಳು ಕಲಿತು, ಕೆಲವು ವರ್ಷಕ್ಕೆ ಆಂಡರ್ಸನ್‌ಪೇಟೆಯಲ್ಲಿ ಒಂದು ಕೋಣೆಯ ಅಂಗಡಿ ಹಿಡಿದ. ಇದಿಷ್ಟೂ ಪುಸ್ತಿಕೆಯ ನಾಲ್ಕನೆಯ ಪುಟದಲ್ಲಿ ಇದೆ, ನಿಜವೂ ಹೌದು.

ಅತ್ತೆಯನ್ನು ಬೇತಮಂಗಲಕ್ಕೆ ಕೊಟ್ಟಿದ್ದರು. ಎಂಟು ತಿಂಗಳಿಗೆ ತಿರುಗಿ ಬಂದಳು. ಆಗ ಅವಳಿಗೆ ಹತ್ತೊಂಬತ್ತು. ಯಾಕೆ ಬಂದಳೆಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಕರೆದೊಯ್ಯಲು ಎರಡು ಸಾರಿ ಬಂದವರ ಮುಂದೆ ಅವಳು ಹೊರಗೇ ಬರಲಿಲ್ಲವಂತೆ. ಮೂರನೆಯ ಸಾರಿ ಅವರು ಬರಲಿಲ್ಲ. ಮನೆಗೆ ಬಂದುಹೋಗುವ ನೆಂಟರ ಬಾಯಿ ಮುಚ್ಚಿಸುವುದು ಅಜ್ಜಿಗೆ ಆಗದೆ, ತಾತ ಒಂದು ಬೆಳಿಗ್ಗೆ ಮಗಳನ್ನು ಅಂಗಡಿಗೆ ಕರೆದುಕೊಂಡು ಹೋದ. "ಮನೇಲಿದ್ರೆ ಬಂದೋರೆಲ್ಲ ನಿನ್ನ ವಿಷ್ಯ ಕೇಳ್ತಾರೆ. ಅಂಗ್ಡೀಲಿದ್ರೆ ಬಟ್ಟೆ ವಿಷ್ಯ ಕೇಳ್ತಾರೆ. ಅಲ್ಲಿರು" ಅಂದನಂತೆ. ಹೀಗೆ, ಮರೆಮಾಡಲೆಂದು ಒಳಗೆ ಕೂರಿಸಿದ ಹೆಣ್ಣು ಆ ಅಂಗಡಿಯಲ್ಲಿ ಸುಮಾರು ಐವತ್ತು ವರ್ಷ ಕೂತಳು.

ಮೊದಲು ಅವಳ ಕೆಲಸ ಬಟ್ಟೆಯ ಥಾನು ಮಡಿಸಿಡುವುದು. ಗಿರಾಕಿ ನೋಡಿ ಬಿಟ್ಟುಹೋದ ಬಟ್ಟೆಯನ್ನು ಮತ್ತೆ ಸುತ್ತಿ ಬೀರುವಿನಲ್ಲಿಡುವುದು. ಗಂಡಸರು ವ್ಯಾಪಾರ ನೋಡಿಕೊಳ್ಳುವಾಗ ಅವಳು ಮೂಲೆಯಲ್ಲಿ ಕೂತು ಬಂದ ಹೆಂಗಸರ ಮುಖ ನೋಡುತ್ತಿದ್ದಳು. ಕ್ರಿಸ್‌ಮಸ್ಸಿಗೆ ಲೈನಿನ ಹೆಂಗಸರು ಹೆಣ್ಣುಮಕ್ಕಳ ಫ್ರಾಕಿಗೆ ಬಟ್ಟೆ ಹರಿಸಿಕೊಂಡು ಹೋಗುತ್ತಿದ್ದರು. ಹಬ್ಬದ ಹಿಂದಿನ ದಿನ ಎದುರಿಗಿದ್ದ ಟೈಲರಿನ ಮುಂದೆ ಅವರೇ ಜಗಳಕ್ಕೆ ನಿಂತಿರುತ್ತಿದ್ದರು, ಹೊಲಿದು ಮುಗಿದಿಲ್ಲವೆಂದು. ಎರಡು ವರ್ಷ ಇದನ್ನು ನೋಡಿ ಅತ್ತೆ ತಾತನಿಗೆ, ಹೊಲಿದ ಫ್ರಾಕುಗಳನ್ನೇ ತರಿಸಿ ಮಾರೋಣ ಎಂದಳು. ತಾತ ಒಪ್ಪಲಿಲ್ಲ. ಜವಳಿ ಅಂಗಡಿಯವನು ಹೊಲಿದದ್ದನ್ನು ಮಾರಿದರೆ ಮರ್ಯಾದೆ ಏನುಳಿಯಿತು ಎಂದ. ಮೂರನೆಯ ವರ್ಷ ಅತ್ತೆ ನಮ್ಮಪ್ಪನನ್ನು ಹೊರಡಿಸಿಕೊಂಡು ರೈಲಿನಲ್ಲಿ ಬೆಂಗಳೂರಿಗೆ ಹೋದಳು. ಚಿಕ್ಕಪೇಟೆಯಲ್ಲಿ ಇಡೀ ದಿನ ತಿರುಗಿ ನಲವತ್ತು ಫ್ರಾಕು ಆರಿಸಿ ತಂದಳು. ನಾಲ್ಕು ದಿನಕ್ಕೆ ಒಂದೂ ಉಳಿಯಲಿಲ್ಲ.

ಅಳತೆಯ ಟೇಪು ಅವಳು ಮುಟ್ಟುತ್ತಿರಲಿಲ್ಲ. ಮಗುವನ್ನು ಮನೆಯಲ್ಲಿ ಬಿಟ್ಟು ಬಂದ ತಾಯಿಯನ್ನು ನಿಲ್ಲಿಸಿಕೊಂಡು, "ನಿಂಗೆ ಎಲ್ಲೀಗಂಟ ಬತ್ತಾಳೆ, ಸೊಂಟಕ್ಕಾ, ಎದೆಗಾ?" ಎಂದು ಕೇಳುವುದು. ತಾಯಿ ಕೈಯಿಟ್ಟು ತೋರಿಸಿದ ಕಡೆಗೆ ಒಮ್ಮೆ ನೋಡಿ ಒಳಗಿನಿಂದ ಒಂದು ಫ್ರಾಕು ತಂದುಕೊಡುವುದು. ಬದಲಾಯಿಸಲು ವಾಪಸು ಬಂದವರು ಕಡಿಮೆ. ಅಂಗಡಿಯ ಹಿಂಬದಿಯಲ್ಲಿ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿ, ಹೆಂಗಸರು ಹಾಕಿ ನೋಡಲಿ ಎಂದು ಜಾಗ ಮಾಡಿದ್ದೂ ಅವಳೇ. ಆ ಊರಿನಲ್ಲಿ ಬೇರೆ ಯಾವ ಅಂಗಡಿಯಲ್ಲೂ ಆಗ ಅದು ಇರಲಿಲ್ಲ.

ಬಂಗಾರಪೇಟೆಯಲ್ಲಿ ದೊಡ್ಡ ಅಂಗಡಿ ಆದಾಗ ನಾನು ಶಾಲೆಗೆ ಹೋಗುತ್ತಿದ್ದೆ. ಕೆಳಗೆ ಸೀರೆ, ಪಂಚೆ, ಶರ್ಟಿನ ಬಟ್ಟೆ. ಮೇಲಿನ ಮಹಡಿಯಲ್ಲಿ ಸಿದ್ಧ ಉಡುಪು. ಹಿಂದುಗಡೆ ಸ್ಟೀಲು ಪಾತ್ರೆ, ಸೂಟ್‌ಕೇಸು, ಆಟದ ಸಾಮಾನು, ಶಾಲೆಯ ಬ್ಯಾಗು. ಮದುವೆಗೆ ಬಂದವರು ಒಂದು ಬಾಗಿಲಿನಿಂದ ಒಳಹೊಕ್ಕು, ಸೀರೆಯಿಂದ ಕೊಡದವರೆಗೆ ಎಲ್ಲವನ್ನೂ ಕೊಂಡು ಹೊರಬರಬಹುದಿತ್ತು. ಅಪ್ಪ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ, ಅತ್ತೆ ಮೇಲಿನ ಮಹಡಿಯಲ್ಲಿ. ಸ್ಕೂಲು ಬಿಟ್ಟ ಮೇಲೆ ನಾನು ಸೀದಾ ಅಲ್ಲಿಗೆ ಹೋಗಿ ಅವಳ ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದೆ. ತೆಲುಗಿನವರಿಗೆ ತೆಲುಗು, ತಮಿಳಿನವರಿಗೆ ತಮಿಳು, ನನಗೆ ಕನ್ನಡ. ಮಾತಿನ ನಡುವೆ ಒಮ್ಮೆಯೂ ತಡವರಿಸುತ್ತಿರಲಿಲ್ಲ. ನನ್ನನ್ನು ಪಾಪ ಎಂದು ಕರೆಯುತ್ತಿದ್ದಳು, ಮಗು ಎಂಬ ಅರ್ಥದಲ್ಲಿ. ನನಗೆ ಐವತ್ತು ದಾಟಿದ ಮೇಲೂ ಅದೇ.

ಗಣಿ ಮುಚ್ಚಿದಾಗ ಸಂಬಳದ ದಿನ ಎಂಬುದೇ ಇಲ್ಲವಾಯಿತು. ಆಂಡರ್ಸನ್‌ಪೇಟೆಯ ಹಳೆಯ ಅಂಗಡಿಯಲ್ಲಿ ನೊಣ ಹೊಡೆಯುವಂತಾಗಿ ಅದನ್ನು ಮುಚ್ಚಿದರು. ಬಂಗಾರಪೇಟೆಯದೂ ಸೊರಗಿತು. ಅಪ್ಪ ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಟ್ಟು, ಕೆಳಗೆ ಸೀರೆ ಮಾತ್ರ ಇಟ್ಟುಕೊಳ್ಳುವ ಯೋಚನೆಯಲ್ಲಿದ್ದ. ಅತ್ತೆ ಒಂದು ವಾರ ಬೆಳಿಗ್ಗೆ ಆರೂವರೆಗೇ ಹೋಗಿ ಇನ್ನೂ ಬಾಗಿಲು ತೆಗೆಯದ ಬಂಗಾರಪೇಟೆಯ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬಂದಳು. ಬೂದಿಕೋಟೆ ಕಡೆಯ ಮೊದಲ ಬಸ್ಸಿನಲ್ಲಿ ಹೆಂಗಸರು ಬಂದಿಳಿದು, ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುವ ರೈಲಿಗೆ ಕಾಯುತ್ತ ಅಲ್ಲೇ ಅರ್ಧ ಗಂಟೆ ನಿಂತಿರುತ್ತಿದ್ದರು. ಸಂಜೆ ಹಿಂತಿರುಗಿದಾಗ ಮತ್ತೆ ಬಸ್ಸಿಗೆ ಓಟ. ಅವರು ಅಂಗಡಿಗೆ ಹೋಗುವುದಾದರೂ ಯಾವಾಗ? ಅಂದಿನಿಂದ ನಮ್ಮ ಅಂಗಡಿಯ ಶಟರು ಆರೂವರೆಗೆ ಏಳತೊಡಗಿತು. ಅತ್ತೆ ಒಬ್ಬಳೇ ತೆಗೆಯುತ್ತಿದ್ದಳು. ಬೆಳಿಗ್ಗೆ ನೋಡಿ, ಆರಿಸಿ, ಹೆಸರು ಹೇಳಿ ಎತ್ತಿಡಿಸಿ, ಸಂಜೆ ಕೈಚಾಚಿ ತೆಗೆದುಕೊಂಡು ಬಸ್ಸು ಹತ್ತಬಹುದು. ಚೂಡಿದಾರ, ಕೊಡೆ, ಊಟದ ಡಬ್ಬಿ, ಹೆಗಲಿಗೆ ಹಾಕುವ ಬ್ಯಾಗು ಅವರಿಗಾಗಿಯೇ ಬಂದವು. ಅಂಗಡಿ ಉಳಿಯಿತು. ಮೇಲಿನ ಮಹಡಿಯನ್ನು ಯಾರಿಗೂ ಕೊಡಬೇಕಾಗಲಿಲ್ಲ.

ಇದೆಲ್ಲ ನನಗೆ ತುಣುಕು ತುಣುಕಾಗಿ ಗೊತ್ತಿತ್ತು. ಪೂರ್ತಿಯಾಗಿ ಗೊತ್ತಾದದ್ದು ಪುಸ್ತಿಕೆ ಬರೆಯಲು ಕೂತಾಗ. ಆ ಹೊತ್ತಿಗೆ ಅಪ್ಪ ತೀರಿಕೊಂಡಿದ್ದ. ಅಂಗಡಿ ನನ್ನ ತಮ್ಮನ ಕೈಗೆ ಬಂದು ಕೆಲವು ವರ್ಷವಾಗಿತ್ತು. ಅತ್ತೆ ಎಪ್ಪತ್ತು ದಾಟಿ, ಮೊಣಕಾಲು ನೋವಿಗೆ ಮೆಟ್ಟಿಲು ಹತ್ತಲಾರದೆ ಕೆಲಸ ಬಿಟ್ಟು, ಆಂಡರ್ಸನ್‌ಪೇಟೆಗೆ ಹೋಗಿದ್ದಳು. ಅಲ್ಲಿ ಹಳೆಯ ಅಂಗಡಿಯ ಮುಂಭಾಗವನ್ನು ಒಬ್ಬ ಟೈಲರಿಗೆ ಕೊಟ್ಟು, ತಾತ ಆಮೇಲೆ ಹಿಂದಕ್ಕೆ ಕಟ್ಟಿಸಿದ್ದ ಎರಡು ಕೋಣೆಯಲ್ಲಿ ಇರುತ್ತಿದ್ದಳು. ತನ್ನ ಮನೆಯಲ್ಲೇ ಇರು ಎಂದು ತಮ್ಮ ಎಷ್ಟೋ ಹೇಳಿದ. "ನಂಗೆ ಆ ಊರೇ ಸರಿ, ಅಲ್ಲಿ ಮೂರು ಭಾಷೇಲಿ ಬೈಯೋರಿದ್ದಾರೆ" ಎಂದು ನಕ್ಕು ಹೋಗಿಬಿಟ್ಟಳು. ತಮ್ಮ ವಾರಕ್ಕೊಮ್ಮೆ ಮಾತ್ರೆ, ಹಣ್ಣು, ತರಕಾರಿ ತಾನೇ ಒಯ್ದು ಕೊಟ್ಟು ಬರುತ್ತಿದ್ದ. ಅವನನ್ನು ಕೆಟ್ಟವನೆಂದು ತೋರಿಸಲು ನಾನು ಇದನ್ನು ಬರೆಯುತ್ತಿಲ್ಲ.

ಐದು ಭಾನುವಾರ ನಾನು ಅತ್ತೆಯ ಮುಂದೆ ನೋಟ್‌ಬುಕ್ ಹಿಡಿದು ಕೂತೆ. ಮೊದಲ ದಿನ ಅವಳು ನಾಚಿಕೊಂಡಳು.

"ನಾನೇನು ಏಳಲಿ ಪಾಪ? ನಿಮ್ಮ ತಾತ ಕಟ್ದ, ನಿಮ್ಮಪ್ಪ ನಡಸ್ದ. ಬರ್ಕೋ."

"ಅದು ಗೊತ್ತಿರೋದೇ ಅತ್ತೆ. ನೀನು ಮಾಡಿದ್ದು ಹೇಳು."

"ನಾನು ಮಡಚಿಟ್ಟೆ" ಎಂದಳು.

ಎರಡನೆಯ ಭಾನುವಾರದಿಂದ ಮಾತು ಬಿಚ್ಚಿತು. ಫ್ರಾಕು, ಸೀರೆಯ ಮರೆ, ಮೆಟ್ಟಿಲ ಮೇಲೆ ಕೂತ ಆ ವಾರ. ನಾನು ಕೇಳದೆಯೇ ಬೇತಮಂಗಲದ ಮಾತನ್ನೂ ಆಡಿದಳು. ಗಂಡ ಹೊಡೆಯಲಿಲ್ಲ, ಬಯ್ಯಲಿಲ್ಲ. ಮಾತೇ ಆಡಲಿಲ್ಲವಂತೆ, ಎಂಟು ತಿಂಗಳು. "ಇದಾಳೋ ಇಲ್ವೋ ಅನ್ನಂಗೆ ಓಡಾಡ್ತಿದ್ದ. ಅನ್ನ ಇಕ್ಕಿದ್ರೆ ತಿಂತಿದ್ದ. ಒಂದಿನ ನಂಗೇ ಅನುಮಾನ ಬಂತು, ನಾನು ಇವ್ನಿಗೆ ಕಾಣ್ತಿದೀನಾ ಅಂತ. ಅವತ್ತೇ ಬಸ್ಸು ಅತ್ತಿ ಬಂದೆ. ಇದನ್ನ ಏಳಿದ್ರೆ ಯಾರು ನಂಬ್ತಾರೆ? ಒಡುದ್ರೆ ನಂಬ್ತಾರೆ." ನಾನು ಅದನ್ನೂ ಬರೆದುಕೊಂಡೆ. ಅವಳು ತಡೆಯಲಿಲ್ಲ. ಬರೆಯುತ್ತಿದ್ದ ನನ್ನ ಕೈಯನ್ನೇ ನೋಡುತ್ತ ಕೂತಿದ್ದಳು.

ಬರೆದು ಮುಗಿಸಿದಾಗ ಅತ್ತೆಯ ಭಾಗವೇ ಒಂಬತ್ತು ಪುಟವಾಗಿತ್ತು. ತಮ್ಮ ಅಂಗಡಿಯ ಒಳಕೋಣೆಯಲ್ಲಿ ಕೂತು ಎಲ್ಲವನ್ನೂ ಓದಿದ. ಬೇಗ ಓದುವವನಲ್ಲ, ಬೆರಳಿಟ್ಟು ಓದಿದ. ಆಮೇಲೆ ಕನ್ನಡಕ ತೆಗೆದು ಒರೆಸಿದ.

"ಚೆನ್ನಾಗೈತಕ್ಕ. ಅತ್ತೆ ಮಾತಾಡ್ದಂಗೇ ಐತೆ. ಆದ್ರೆ..."

"ಏನು ಆದ್ರೆ?"

"ಮಗಳಿಗೆ ಕೋಲಾರದ ಕಡೆಯಿಂದ ಗಂಡು ನೋಡ್ತಾ ಇದೀವಿ, ನಿಂಗೆ ಗೊತ್ತಲ್ಲ. ಅವರ ಕೈಗೂ ಈ ಪುಸ್ತಕ ಓಗ್ತದೆ. ಗಂಡನ್ನ ಬಿಟ್ಟು ಬಂದ ಎಂಗಸು ಮನೇಲಿದ್ಲು, ಅಂಗಡೀನ ಅವಳೇ ನಡೆಸಿದ್ಲು ಅಂತ ನಾವೇ ಅಚ್ಚು ಹಾಕಿಸಿ ಹಂಚೋದಾ?"

"ಮದುವೆ ವಿಷಯ ಬೇಡ ಅಂದ್ರೆ ತೆಗೀತೀನಿ. ಅಂಗಡಿ ಕೆಲಸ ಇರಲಿ."

"ಅದನ್ನ ಬರುದ್ರೆ ಯಾಕೆ ಅಂಗ್ಡೀಲಿದ್ಲು ಅಂತ ಕೇಳ್ತಾರಲ್ಲ. ನೋಡಕ್ಕ, ನೀನು ಏನು ಮಾಡಿದ್ರೂ ಸರಿ. ಬುಧವಾರ ಪ್ರೆಸ್ಸಿಗೆ ಕೊಡಬೇಕು."

ನೀನು ಏನು ಮಾಡಿದರೂ ಸರಿ ಎಂದ ಮೇಲೆ ತಪ್ಪನ್ನು ಅವನ ತಲೆಗೆ ಕಟ್ಟಲು ನನಗೆ ಆಗುವುದಿಲ್ಲ. ಮದುವೆಯ ಮಾತನ್ನು ಮಾತ್ರ ಬಿಟ್ಟು, ಅತ್ತೆಯನ್ನು ಅತ್ತೆಯಾಗಿಯೇ ಉಳಿಸಿ ಬರೆಯಲು ಎರಡು ಸಂಜೆ ಸಾಕಾಗಿತ್ತು. ಆ ವಾರ ಮನೆಯಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಬಿದ್ದಿತ್ತು. ನನಗೆ ಬೇಸರ ಬಂದಿತ್ತು. ಇನ್ನೂ ಒಂದಿದೆ, ಅದನ್ನು ಹೇಳಿಕೊಳ್ಳಲು ಇಷ್ಟು ವರ್ಷ ಬೇಕಾಯಿತು. ತಮ್ಮ ಹೇಳಿದ್ದನ್ನು ಕೇಳಿ ನನ್ನೊಳಗೂ ಒಂದು ಅಳುಕು ಎದ್ದಿತ್ತು. ಸ್ಟಾಫ್ ರೂಮಿನಲ್ಲಿ ಯಾರಾದರೂ ಓದಿ, ನಿಮ್ಮ ಮನೆಯಲ್ಲಿ ಹೀಗಿತ್ತಾ ಟೀಚರ್ ಎಂದರೆ? ಹಾಗೆ ಕೇಳುವವರು ಯಾರೂ ಇರಲಿಲ್ಲ. ಆದರೂ ಎದ್ದಿತ್ತು.

ಮಂಗಳವಾರ ಸಂಜೆ ಒಂದೇ ಏಟಿಗೆ ಒಂಬತ್ತು ಪುಟ ತೆಗೆದೆ. ಅಲ್ಲಿದ್ದ ಸಂಗತಿಗಳನ್ನು ಬಿಡುವಂತಿರಲಿಲ್ಲ, ಅವಿಲ್ಲದೆ ಅಂಗಡಿಗೆ ಚರಿತ್ರೆಯೇ ಇಲ್ಲ. ಆದ್ದರಿಂದ ಮಾಡಿದವಳನ್ನು ಮಾತ್ರ ಬಿಟ್ಟೆ. "ಸಿದ್ಧ ಉಡುಪುಗಳ ವಿಭಾಗವನ್ನು ತೆರೆಯಲಾಯಿತು. ಮಹಿಳೆಯರಿಗಾಗಿ ಪ್ರತ್ಯೇಕ ವ್ಯವಸ್ಥೆಯನ್ನು ಕಲ್ಪಿಸಲಾಯಿತು." ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗುವುದಿಲ್ಲ, ಮಾಡಿದವರನ್ನು ಹೇಳಿ ಬರೆಯಿರಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವಳು ನಾನು. ಬೆಳಗಿನ ಅಂಗಡಿಯ ವಿಷಯಕ್ಕೆ ಬಂದಾಗ ಆ ಪ್ರಯೋಗವೂ ಸಾಲದಾಯಿತು. ವಾಕ್ಯಕ್ಕೆ ಯಾರಾದರೂ ಒಬ್ಬರು ಬೇಕೆನ್ನಿಸಿತು. "ನಮ್ಮ ತಂದೆಯವರ ದೂರದೃಷ್ಟಿಯಿಂದ" ಎಂದು ಬರೆದೆ. ಕೊನೆಯಲ್ಲಿ, "ಮನೆಯ ಹೆಣ್ಣುಮಕ್ಕಳೂ ಈ ಬೆಳವಣಿಗೆಗೆ ಕೈಜೋಡಿಸಿದರು" ಎಂಬ ಒಂದು ಸಾಲು ಸೇರಿಸಿ, ಅಲ್ಲಿಗೆ ನ್ಯಾಯವಾಯಿತು ಅಂದುಕೊಂಡೆ.

ಸಮಾರಂಭದ ದಿನ ಅತ್ತೆ ಗಂಜಿ ಹಾಕಿದ ನೂಲಿನ ಸೀರೆಯುಟ್ಟು ಬಂದಳು. ತಮ್ಮ ಅವಳನ್ನು ಕಾರಿನಲ್ಲಿ ಕರೆಸಿ ಎರಡನೆಯ ಸಾಲಿನಲ್ಲಿ ಕೂರಿಸಿದ. ಯಾರೋ ಅವಳ ಕೈಗೂ ಪುಸ್ತಿಕೆ ಕೊಟ್ಟರು. ಅವಳು ಅದನ್ನು ತೆರೆಯದೆ ಚೀಲದೊಳಗೆ ಜೋಪಾನವಾಗಿಟ್ಟುಕೊಂಡಿದ್ದನ್ನು ನಾನು ದೂರದಿಂದ ಕಂಡೆ. ಅವಳು ಓದಿದ್ದು ಏಳನೇ ಕ್ಲಾಸು. ಓದಲು ಸಾವಕಾಶ ಬೇಕು, ದಪ್ಪ ಕನ್ನಡಕ ಬೇಕು. ಮನೆಗೆ ಹೋಗಿ ಓದೋಣ ಅಂದುಕೊಂಡಿರಬೇಕು. ಊಟದ ಹೊತ್ತಿಗೆ ನಾನು ಬೇಕೆಂದೇ ಇನ್ನೊಂದು ಪಂಕ್ತಿಯಲ್ಲಿ ಕೂತೆ.

ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನದೂ ಇಲ್ಲ. ನಾಲ್ಕನೆಯ ಭಾನುವಾರ ಹೋಗದೆ ಇರಲಾಗಲಿಲ್ಲ. ಬಾಗಿಲಲ್ಲೇ ಎದುರುಮನೆಯ ಮುದುಕಿ ಸಿಕ್ಕಳು. ಅವಳ ಗಂಡ ಗಣಿಯಲ್ಲಿದ್ದವನು, ಸತ್ತು ಎಷ್ಟೋ ವರ್ಷವಾಗಿದೆ. ಅವಳ ನಾಲ್ಕು ಹೆಣ್ಣುಮಕ್ಕಳೂ ಅತ್ತೆ ಆರಿಸಿಕೊಟ್ಟ ಫ್ರಾಕು ತೊಟ್ಟು ಬೆಳೆದವರು.

"ಪುಸ್ತಕ ಕೊಟ್ಳಮ್ಮ ನಿಮ್ಮತ್ತೆ" ಎಂದಳು, ತಮಿಳು ಬೆರೆತ ತನ್ನ ಕನ್ನಡದಲ್ಲಿ. "ಮೊಮ್ಮಗಳ ಕೈಲಿ ಮೂರು ಸಾರಿ ಓದಿಸ್ದೆ. ಅಕ್ಕನ ಪೇರೇ ಕಾಣೋಮೇ, ಎಸರೇ ಇಲ್ಲ. ಯಾವ ಪುಟದಲ್ಲಿ ಐತೆ, ಸ್ವಲ್ಪ ತೋರ್ಸಮ್ಮ."

ನಾನು ಏನೋ ಗೊಣಗಿ ಒಳಗೆ ಹೋದೆ. ಅತ್ತೆ ಪುಸ್ತಿಕೆಗೆ ಶಾಲೆಯ ಪುಸ್ತಕಕ್ಕೆ ಹಾಕುವಂತೆ ಕಂದು ಕಾಗದದ ಹೊದಿಕೆ ಹಾಕಿ ದೇವರ ಗೂಡಿನ ಪಕ್ಕದಲ್ಲಿ ಇಟ್ಟಿದ್ದಳು. ಅವಳೇ ಮಾತು ತೆಗೆದಳು.

"ಓದ್ದೆ ಪಾಪ. ಎರಡು ದಿನ ಇಡೀತು. ಚೆನ್ನಾಗಿ ಬರ್ದಿದೀಯ, ನಿಮ್ಮಪ್ಪ ಇದ್ದಿದ್ರೆ ಕುಶಿ ಪಡ್ತಿದ್ದ." ಆಮೇಲೆ ನಕ್ಕಳು. "ಬೆಳಿಗ್ಗೆ ಅಂಗಡಿ ತೆಗ್ಯೋದು ಅಣ್ಣನ ಯೋಚ್ನೆ ಅಂತ ಐತೆ. ಅಣ್ಣ ಒಂದಿನಾನಾದ್ರೂ ಏಳು ಗಂಟೆಗೆ ಮುಂಚೆ ಎದ್ದಿದ್ದು ನೀನು ನೋಡಿದೀಯಾ?"

ಆಗಲಾದರೂ ನಿಜ ಹೇಳಬಹುದಿತ್ತು. ತಪ್ಪಾಯಿತು ಅತ್ತೆ, ಹೆದರಿಕೆಯಿಂದ ಬಿಟ್ಟೆ ಎಂದು ಹೇಳಿದ್ದರೆ ಬಹುಶಃ ಬೈದು ಸುಮ್ಮನಾಗುತ್ತಿದ್ದಳು. ನಾನು ಹೇಳಿದ್ದು ಬೇರೆ.

"ಪುಟ ಜಾಸ್ತಿ ಆಗ್ತಿತ್ತು ಅತ್ತೆ. ಪ್ರೆಸ್ಸಿನವರು ಕಡಿಮೆ ಮಾಡಿ ಅಂದ್ರು."

ಅವಳು ನನ್ನ ಮುಖ ನೋಡಿದಳು. ಇಷ್ಟು ವರ್ಷ ಗಿರಾಕಿಗಳ ಮುಖ ನೋಡಿದವಳಿಗೆ ಸುಳ್ಳು ಗೊತ್ತಾಗದೆ ಇರುತ್ತದೆಯೇ.

"ಓ, ಪುಟ" ಎಂದಳು. "ಕಾಫಿ ಮಾಡ್ತೀನಿ, ಕೂತ್ಕೋ."

ಅಂದಿನಿಂದ ಅವಳು ನನ್ನ ಮುಂದೆ ಅಂಗಡಿಯ ಸುದ್ದಿ ಎತ್ತಲಿಲ್ಲ. ಸಿಟ್ಟು ತೋರಿಸಲಿಲ್ಲ. ನಾನು ಹೋದರೆ ಮೊದಲಿನಂತೆಯೇ ಕಾಫಿ, ಮೊದಲಿನಂತೆಯೇ ಪಾಪ. ನೀರು ಬರುವ ದಿನ, ಟೈಲರಿನ ಮಗನ ಪರೀಕ್ಷೆ, ಎದುರುಮನೆಯವಳ ಕಣ್ಣಿನ ಆಪರೇಷನ್, ಎಲ್ಲದರ ಬಗ್ಗೆಯೂ ಮಾತಾಡುತ್ತಾಳೆ. ನಾನು ಅಂಗಡಿಯ ಮಾತು ತೆಗೆದರೆ, "ಅದೆಲ್ಲ ಯಾರಿಗೆ ಗ್ಯಾಪಕ ಐತೆ" ಎಂದು ಎದ್ದು ಒಳಗೆ ಹೋಗುತ್ತಾಳೆ. ನಲವತ್ತು ವರ್ಷದ ಹಿಂದೆ ಯಾವ ಲೈನಿನ ಯಾವ ಮಗುವಿಗೆ ಯಾವ ಬಣ್ಣದ ಫ್ರಾಕು ಕೊಟ್ಟೆ ಎಂದು ಹೇಳಬಲ್ಲವಳು ಅವಳು.

ಆ ವರ್ಷವೇ ತಮ್ಮನ ಮಗಳ ನಿಶ್ಚಿತಾರ್ಥ ಆಯಿತು. ಅತ್ತೆ ಮೊಣಕಾಲು ನೋವೆಂದು ಬರಲಿಲ್ಲ. ತಾಂಬೂಲ ಬದಲಾಯಿಸಿಕೊಂಡ ಮೇಲೆ ಗಂಡಿನ ತಾಯಿ ನಮ್ಮ ನಡುವೆ ಯಾರನ್ನೋ ಹುಡುಕುವಂತೆ ನೋಡುತ್ತಿದ್ದರು. ಕೊನೆಗೆ ನನ್ನನ್ನೇ ಕೇಳಿದರು.

"ಮೇಲ್ಗಡೆ ಕೂರ್ತಿದ್ರಲ್ಲ, ಅವರು ಬಂದಿಲ್ವಾ?"

"ಯಾರು?"

"ನಿಮ್ಮತ್ತೆ. ನಮ್ಮ ತವರು ಬೇತಮಂಗಲ. ಅವರು ಆ ಮನೆ ಬಿಟ್ಟು ಬಂದಿದ್ದು ನಮ್ಮ ಕಡೆ ಎಲ್ರಿಗೂ ಗೊತ್ತು. ಒಳ್ಳೇದು ಮಾಡಿದ್ಲು ಅಂತ ನಮ್ಮಮ್ಮ ಹೇಳ್ತಿದ್ರು. ನನ್ನ ಮದುವೆ ಬಟ್ಟೆ ಅವರೇ ಆರಿಸಿಕೊಟ್ಟಿದ್ದು. ಈ ಸಂಬಂಧ ಅಂದಾಗ ನಾನು ಮೊದಲು ಕೇಳಿದ್ದೇ ಅವರ ಅಂಗಡೀನಾ ಅಂತ."

ಪಕ್ಕದಲ್ಲಿದ್ದ ತಮ್ಮ ಎಲ್ಲವನ್ನೂ ಕೇಳಿಸಿಕೊಂಡ. ಕೈಯಲ್ಲಿದ್ದ ತಟ್ಟೆಯನ್ನು ಅವನು ಎಲ್ಲಿಡುವುದೆಂದು ತಿಳಿಯದವನಂತೆ ಹಿಡಿದು ನಿಂತಿದ್ದ. ಆ ಸಂಜೆ ಫೋನು ಮಾಡಿದ. "ಆ ಒಂಬತ್ತು ಪುಟ ಇಟ್ಟಿದೀಯಾ ಅಕ್ಕ?" ಇಟ್ಟಿದ್ದೆ. "ಸೇರಿಸಿ ಇನ್ನೊಂದು ಸಾರಿ ಹಾಕಿಸೋಣ. ಫೋಟೊನೂ ಹಾಕೋಣ. ನೀನು ಅತ್ತೇನ ಒಪ್ಪಿಸು."

ಹೊಸದಾಗಿ ಬರೆದೆ. ಎಲ್ಲಿ ಕರ್ಮಣಿ ಇತ್ತೋ ಅಲ್ಲೆಲ್ಲ ಅತ್ತೆಯನ್ನು ತಂದು ನಿಲ್ಲಿಸಿದೆ. ಅಪ್ಪನ ದೂರದೃಷ್ಟಿಯನ್ನು ಹೊಡೆದುಹಾಕಿದೆ. ಹಾಳೆಗಳನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟು ಮಾಡಿಸಿಕೊಂಡು ಆಂಡರ್ಸನ್‌ಪೇಟೆಗೆ ಹೋದೆ. ಅತ್ತೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ನಾನು ಓದಲು ಶುರುಮಾಡಿದೆ. ಒಂದು ಪುಟ ಕೇಳಿದಳು. ಆಮೇಲೆ ಕೈಯೆತ್ತಿ ನಿಲ್ಲಿಸಿದಳು.

"ಬ್ಯಾಡ ಪಾಪ."

"ಯಾಕೆ ಅತ್ತೆ? ಏನಾದ್ರೂ ತಪ್ಪು ಬರ್ದಿದೀನಾ?"

"ತಪ್ಪೇನಿಲ್ಲ. ಆದ್ರೆ ಈಗ ಆಕಿದ್ರೆ ನಾನು ಕೇಳಿ ಆಕಿಸ್ಕೊಂಡಂಗೆ ಆಯ್ತದೆ. ಮೊದಲ್ನೇದು ಓದ್ದೋರೆಲ್ಲ ಎರಡನೇದು ನೋಡಿ ಏನಂತಾರೆ? ಮುದುಕಿ ಜಗಳ ಆಡಿ ಎಸರು ಆಕಿಸ್ಕೊಂಡ್ಳು ಅಂತಾರೆ."

"ಯಾರೂ ಹಾಗನ್ನಲ್ಲ."

"ಅನ್ನಲಿ ಬಿಡ್ಲಿ, ನಂಗೇ ಅಂಗೆ ಅನ್ನಿಸ್ತದಲ್ಲ." ಸೊಪ್ಪಿನ ದಂಟನ್ನು ಬೇರೆ ಹಾಕಿದಳು. "ಅವತ್ತು ನೀನು ಬರ್ಕೊಂಡಿದ್ದಲ್ಲ, ಐದು ವಾರ, ಅದು ಚೆನ್ನಾಗಿತ್ತು. ಯಾರೂ ನನ್ನ ಅಷ್ಟೊತ್ತು ಕೇಳಿರ್ಲಿಲ್ಲ. ಅದು ಆಯ್ತು. ಈಗ ಇದನ್ನ ತಕ್ಕೊಂಡೋಗು."

ನನಗೆ ಅಳು ಬಂದುಬಿಟ್ಟಿತು. ಅವಳು ಸಮಾಧಾನ ಮಾಡಲೂ ಇಲ್ಲ, ಬೈಯಲೂ ಇಲ್ಲ. ಸೊಪ್ಪು ತೊಳೆಯಲು ಎದ್ದುಹೋದಳು. ಹೊರಡುವಾಗ ಒಂದು ಕಟ್ಟು ಸೊಪ್ಪನ್ನು ನನ್ನ ಚೀಲಕ್ಕೂ ಹಾಕಿದಳು. ತಮ್ಮನಿಗೆ ವಿಷಯ ತಿಳಿಸಿದೆ. ಅವಳು ಬೇಡ ಎಂದ ಮೇಲೆ ಮಾಡುವುದು ಇನ್ನೊಂದು ತಪ್ಪು ಎಂದು ಇಬ್ಬರಿಗೂ ಗೊತ್ತಿತ್ತು. ಹಂಚದೆ ಉಳಿದಿದ್ದ ಪುಸ್ತಿಕೆಗಳ ಕಟ್ಟನ್ನು ಅವನು ಗೋಡೌನಿಗೆ ಹಾಕಿಸಿದ. ನನ್ನ ಹೊಸ ಹಾಳೆಗಳು ನನ್ನ ಬೀರುವಿನಲ್ಲಿವೆ. ಹೆಸರುಗಳನ್ನೆಲ್ಲ ಬಿಟ್ಟು ಈಗ ಇದನ್ನು ಬರೆಯುತ್ತಿರುವುದೂ ಅವಳಿಗೆ ಗೊತ್ತಿಲ್ಲ. ಕೇಳಿದರೆ ಬೇಡ ಎನ್ನುತ್ತಾಳೆಂದೇ ಕೇಳಿಲ್ಲ. ಇದೂ ಸರಿಯೋ ತಪ್ಪೋ ನನಗೆ ಹೇಳಲು ಬರುವುದಿಲ್ಲ.

ಕಳೆದ ದೀಪಾವಳಿಗೆ ಮುಂಚೆ ಅತ್ತೆ ನನಗೆ ಫೋನು ಮಾಡಿ, ಒಂದು ಸೀರೆ ತೆಗೆದುಕೊಳ್ಳಬೇಕು, ಜೊತೆಗೆ ಬಾ ಎಂದಳು. ನಾನು ಕಾರು ಮಾಡಿಕೊಂಡು ಹೋದೆ, ಬಂಗಾರಪೇಟೆಗೆ ಹೋಗೋಣ ಎಂದೆ. "ಅಷ್ಟು ದೂರ ಯಾಕೆ, ರಾಬರ್ಟ್‌ಸನ್‌ಪೇಟೇಲಿ ಒಸದೊಂದು ಬಂದೈತಂತೆ" ಅಂದಳು. ಹತ್ತೊಂಬತ್ತನೆಯ ವಯಸ್ಸಿನಿಂದ ಅವಳು ನಮ್ಮ ಅಂಗಡಿಯದಲ್ಲದ ಬಟ್ಟೆ ಉಟ್ಟವಳಲ್ಲ. ಕಾರನ್ನು ಆ ಕಡೆಗೆ ತಿರುಗಿಸಲು ಹೇಳಿದೆ.

ಅದು ಗಾಜಿನ ಬಾಗಿಲಿನ ದೊಡ್ಡ ಅಂಗಡಿ. ಒಳಗೆ ತಣ್ಣಗಿತ್ತು. ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ಅತ್ತೆಗೆ ಕುರ್ಚಿ ಹಾಕಿ, "ಅಮ್ಮ, ಎಂಥದ್ದು ತೋರಿಸಲಿ?" ಎಂದಳು. ಅತ್ತೆ ಬೆರಳ ತುದಿಯಲ್ಲಿ ಒಂದೊಂದೇ ಸೀರೆಯ ಅಂಚು ಮುಟ್ಟಿ ನೋಡಿದಳು. ಬಹಳ ಹೊತ್ತು ತೆಗೆದುಕೊಂಡಳು. ಹುಡುಗಿ ಬೇಸರವಿಲ್ಲದೆ ತೋರಿಸುತ್ತಲೇ ಹೋದಳು. ಅತ್ತೆ ಅವಳ ಊರು ಕೇಳಿದಳು, ಯಾವ ಬಸ್ಸಿಗೆ ಬರುತ್ತೀಯ ಎಂದು ಕೇಳಿದಳು, ನಿಂತು ನಿಂತು ಕಾಲು ನೋಯುವುದಿಲ್ಲವೇ ಎಂದಳು. ತಾನು ಯಾರೆಂದು ಹೇಳಲಿಲ್ಲ. ಕೊನೆಗೆ ಒಂದು ನೂಲಿನ ಸೀರೆ ಆರಿಸಿದಳು, ತಿಳಿ ಹಸಿರಿನದು.

ಆ ಹುಡುಗಿ ಬಿಲ್ಲು ಮಾಡಿಸಲು ಹೋದಾಗ ಮೇಜಿನ ಮೇಲೆ ಬಿಚ್ಚಿಬಿದ್ದ ಸೀರೆಗಳ ರಾಶಿ ಹಾಗೇ ಇತ್ತು. ಅತ್ತೆ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಕೈ ಮುಂದೆ ಹೋಯಿತು. ಆಮೇಲೆ ಹಿಂದಕ್ಕೆ ತೆಗೆದುಕೊಂಡು, ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಅವಳ ಚೀಲ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ.